ನಾಲ್ಕು ಅರ್ಧ

ಗೋಂದಿನ ಪಾತ್ರೆ ತಣ್ಣಗಿತ್ತು. ಬೆಳಿಗ್ಗೆ ಅವನು ಬೈಂಡಿಂಗ್ ಕೋಣೆಗೆ ಕಾಲಿಟ್ಟಾಗ ಮೊದಲು ಮೂಗಿಗೆ ಬಡಿಯಬೇಕಾದದ್ದು ಆ ಪಾತ್ರೆಯ ವಾಸನೆ. ಹದಿನಾರು ವರ್ಷದಲ್ಲಿ ಅದು ಬಡಿಯದ ದಿನ ನೆನಪಿಲ್ಲ. ಗೋಂದು ಮಾವ ಎಲ್ಲರಿಗಿಂತ ಅರ್ಧ ಗಂಟೆ ಮೊದಲೇ ಬಂದು, ಒಲೆ ಹಚ್ಚಿ, ಕುಂಟು ಕಾಲಿನ ಆ ಒಲೆಯನ್ನು ಬೈಯುತ್ತ, ಕೋಲಿನಿಂದ ತಿರುವುತ್ತ, ಕೆಮ್ಮುತ್ತ ಕೂತಿರುವ ಮನುಷ್ಯ. ಇವತ್ತು ನಿನ್ನೆಯ ಗೋಂದು ಪಾತ್ರೆಯಲ್ಲೇ ಗಟ್ಟಿಯಾಗಿ, ಮೇಲೆ ಬಿರುಕು ಬಿಟ್ಟು, ಕೋಲು ಅದರಲ್ಲಿ ನೆಟ್ಟ ಹಾಗೆ ನಿಂತಿತ್ತು. ಅವನು ಹಿಡಿದು ಎಳೆದ. ಬರಲಿಲ್ಲ. ಮುದುಕ ತಡ ಮಾಡಿದ್ದಾನೆ, ಅಷ್ಟೇ, ಅಂದುಕೊಂಡ. ಅಷ್ಟೇ ಅಂದುಕೊಳ್ಳುವಷ್ಟರಲ್ಲಿ ಕೈ ಅಂಗಿಯ ಜೇಬಿನ ಮೇಲೆ ಹೋಗಿತ್ತು. ಜೇಬು ಖಾಲಿ. ನಿನ್ನೆ ಸಂಜೆಯ ತನಕ ಅದರಲ್ಲಿ ಒಂದು ಕಾಗದದ ಪೊಟ್ಟಣವಿತ್ತು. ಪೊಟ್ಟಣದಲ್ಲಿ ನಿದ್ದೆ ಮಾತ್ರೆಯ ನಾಲ್ಕು ಅರ್ಧಗಳಿದ್ದವು. ಅದನ್ನು ಅವನೇ ಕೈಯಾರೆ ಮುದುಕನ ಅಂಗೈಗೆ ಹಾಕಿದ್ದ.

ನಲ್ಲಿಯ ಹತ್ತಿರ ನಿಂತು ಬೆರಳಿಗೆ ಅಂಟಿದ ಒಣ ಗೋಂದನ್ನು ಸುಲಿಯುತ್ತ ಮಾವನೇ ಮಾತು ತೆಗೆದಿದ್ದ. "ನಿದ್ದೆ ಅನ್ನೋದು ನನ್ನ ರೂಮಿನ ದಾರಿನೇ ಮರೆತುಬಿಟ್ಟಿದೆ ಕಣೋ ಬ್ಲೇಡಪ್ಪ. ನೀನು ನೋಡಿದ್ರೆ ಈ ನಡುವೆ ಎಣ್ಣೆ ಸ್ನಾನ ಮಾಡಿದ ಮಗು ಥರ ಬರ್ತೀಯ. ಏನೋ ಅದು ಗುಟ್ಟು?" ಕಾಗದ ಕತ್ತರಿಸುವ ಮಷೀನಿನವನಿಗೆ ಆ ಕೋಣೆಯವರೆಲ್ಲ ಸೇರಿ ಇಟ್ಟ ಹೆಸರು ಬ್ಲೇಡಪ್ಪ. ಅವನಿಗೆ ಆ ಹೆಸರು ಕೇಳಿದರೆ ಉರಿಯುತ್ತಿತ್ತು, ನಿನ್ನೆ ಉರಿಯಲಿಲ್ಲ. ಎಷ್ಟೋ ತಿಂಗಳ ಮೇಲೆ ಒಬ್ಬರು ಅವನ ಮುಖ ಚೆನ್ನಾಗಿದೆ ಅಂದಿದ್ದರು. ಆ ಖುಷಿಗೆ ಪೊಟ್ಟಣ ತೆಗೆದ. ತೆಗೆದವನಿಗೆ ದನಿಯೂ ಬೇರೆಯಾಯಿತು, ಕನ್ನಡಕ ಹಾಕಿ ಔಷಧಿ ಬರೆಯುವವರ ದನಿ. "ಮಲಗೋವಾಗ ಒಂದು ಅರ್ಧ. ಅಷ್ಟೇ. ಯಾರಿಗೂ ಹೇಳಬೇಡ ಮಾವ." ಯಾರಿಗೂ ಹೇಳಬೇಡ ಎಂಬುದನ್ನು ಮೂರು ಸಲ ಹೇಳಿದ. ಮಾವ ಅರ್ಧಗಳನ್ನು ಬೆಳಕಿಗೆ ಹಿಡಿದು, "ಏನ್ ಕಟ್ ಮಾಡಿದ್ದೀಯೋ, ಒಂದು ಪುಡಿ ಕೂಡ ಉದುರಿಲ್ಲ," ಅಂದ. ಆ ಮಾತಿಗೂ ಅವನು ಉಬ್ಬಿದ. ಕತ್ತರಿಸುವವನ ಹೆಮ್ಮೆ ಅದು. ಔಷಧಿ ಅಂಗಡಿಯವನು ಕೊಟ್ಟ ತಗಡಿನ ಹಾಳೆಯಿಂದ ಮಾತ್ರೆಗಳನ್ನೆಲ್ಲ ಒಂದೇ ಸಲ ಬಿಡಿಸಿಕೊಂಡು, ಹಳೆ ಬ್ಲೇಡಿನ ತುಂಡಿನಿಂದ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಎರಡೆರಡು ಮಾಡಿದ್ದ. "ಬೇಕಾದಾಗ ಬೇಕಾದಷ್ಟು ಕತ್ತರಿಸಿದ್ರೆ ಆಗಲ್ವಾ? ಹೆಸರು, ತಾರೀಖು ಎಲ್ಲ ಹಾಳೆ ಮೇಲೇ ಇರುತ್ತಲ್ಲ," ಎಂದ ಹೆಂಡತಿಯ ಬಾಯಿ ಮುಚ್ಚಿಸಿದ್ದ. ಇಡೀ ಮಾತ್ರೆ ಮುಗಿಸಿ ಇನ್ನು ರಾತ್ರಿಗೆ ಅರ್ಧ ಎಂದು ಡಾಕ್ಟರಮ್ಮ ಇಳಿಸಿದ ವಾರವದು. ಅವನು ರಾತ್ರಿ ಅರ್ಧವನ್ನೇ ನುಂಗುತ್ತಿದ್ದ. ಆದರೆ ಹಗಲು ಎದೆ ಬಡಿದುಕೊಂಡಾಗ ಮಷೀನಿನ ಹಿಂದೆ ಸರಿದು ಇನ್ನೊಂದು ಅರ್ಧ. ಜೇಬಿನ ಪೊಟ್ಟಣ ಅದಕ್ಕಾಗಿ.

"ಏನಣ್ಣಾ, ಪಾತ್ರೆ ಮುಂದೆ ಧ್ಯಾನಕ್ಕೆ ನಿಂತ್ರಾ?" ಹೊಲಿಗೆ ಮಷೀನಿನ ಅಕ್ಕ ಚೀಲ ಮೊಳೆಗೆ ಸಿಕ್ಕಿಸುತ್ತ ಕೇಳಿದಳು. "ಮಾವ ಎಲ್ಲಿ?" ತನಗೇನು ಗೊತ್ತು, ತಾನೇನು ಮಾವನ ಕಾವಲಿಗನೇ, ಅಂತ ಅವನು ಎಗರಿಬಿದ್ದ. ಅಕ್ಕ ತುಟಿ ಮುಂದೆ ಮಾಡಿ ದಾರದ ಉಂಡೆ ಎತ್ತಿಕೊಂಡಳು. ಅಷ್ಟರಲ್ಲಿ ಮೇಸ್ತ್ರಿ ಬಂದು ಒಲೆ ನೋಡಿ, ಗಡಿಯಾರ ನೋಡಿ, "ಇವತ್ತೇ ಕೈ ಕೊಡಬೇಕಾ ಈ ಮುದುಕ! ಮಧ್ಯಾಹ್ನಕ್ಕೆ ಶಾಲೆ ಪುಸ್ತಕ ಕಳಿಸಬೇಕು," ಎಂದು ಕೂಗಾಡಿದ. ಅಕ್ಕ ಫೋನು ಹಚ್ಚಿ ಕಿವಿಗಿಟ್ಟುಕೊಂಡಳು. ಆ ಫೋನಿನೊಳಗಿನ ಗಂಟೆ ಅವನಿಗೂ ಕೇಳಿಸುತ್ತಿತ್ತು, ಸಣ್ಣಗೆ, ಡಬ್ಬಿಯೊಳಗಿನ ನೊಣದ ಹಾಗೆ. ನಿಂತಿತು. ಮತ್ತೆ ಹಚ್ಚಿದಳು. ಮತ್ತೆ ನಿಂತಿತು. "ರಿಂಗಾಗ್ತಿದೆ. ಎತ್ತುತಾ ಇಲ್ಲ."

"ಮೊನ್ನೆ ಮಗಳು ಬಂದಿದ್ಲಲ್ಲ, ನಿನ್ನೆ ಊರಿಗೆ ಹೋಗಿರ್ತಾಳೆ," ಅಂದ ಮೇಸ್ತ್ರಿ. "ಅವಳು ಹೋದ ದಿನ ಬಾಟ್ಲಿ ತೆಗೀತಾನೆ. ಬಿದ್ದಿರ್ತಾನೆ ಬಿಡು. ಹನ್ನೊಂದಕ್ಕೆ ಕಣ್ಣು ಉಜ್ಜಿಕೊಂಡು ಬರ್ತಾನೆ."

ಮಗಳು ಬಂದು ಹೋದ ದಿನ ಮಾವ ಕುಡಿಯುತ್ತಾನೆ ಎಂಬುದು ಅಲ್ಲಿ ಗೋಡೆಗೂ ಗೊತ್ತು. ಅವನಿಗೂ ಗೊತ್ತು. ನಿನ್ನೆ ನಲ್ಲಿಯ ಹತ್ತಿರ ಅದು ನೆನಪಾಗಿರಲಿಲ್ಲವೋ, ನೆನಪಾಗಿಯೂ ದೊಡ್ಡ ಮನುಷ್ಯನಾಗುವ ಆಸೆಗೆ ಅದನ್ನು ಪಕ್ಕಕ್ಕೆ ತಳ್ಳಿದ್ದನೋ, ಈಗ ಕೇಳಿಕೊಂಡರೆ ಅವನಿಗೇ ಗೊತ್ತಾಗುತ್ತಿರಲಿಲ್ಲ. ಮುದುಕನಿಗೆ ಕೆಮ್ಮು, ಉಬ್ಬಸ ಬೇರೆ. ಕೆಮ್ಮಿನ ಸಿರಪ್ಪಿನ ಬಾಟಲಿಯನ್ನು ಮಾವ ಮುಚ್ಚಳದಲ್ಲಿ ಅಳೆಯುವುದಿಲ್ಲ, ನೇರ ಬಾಯಿಗೇ ಎತ್ತುತ್ತಾನೆ. ಡಾಕ್ಟರಮ್ಮ ಮೇಜಿನ ಆಚೆ ಕೂತು, ಅವನಿಗೆ ಮಗಳಾಗುವ ವಯಸ್ಸಿನವಳು, ಚೀಟಿ ಬರೆಯುವಾಗ ಬೆರಳು ಮಡಿಸಿ ಹೇಳಿದ್ದಳು. ಇದನ್ನ ಬೇರೆ ಯಾರಿಗೂ ಕೊಡಬೇಡಿ. ಇದರ ಜೊತೆ ಕುಡಿಯೋದು ಬೇಡ. ಕೆಮ್ಮಿನ ಔಷಧಿ, ನೋವಿನ ಮಾತ್ರೆ, ಏನೇ ಇದ್ರೂ ನನ್ನ ಕೇಳಿ. ಅದೂ ಇದೂ ಸೇರಿದ್ರೆ ಉಸಿರು ನಿಧಾನ ಆಗುತ್ತೆ, ಉಬ್ಬಸ ಇದ್ದವರಿಗಂತೂ ಇನ್ನೂ ಅಪಾಯ. ಅವನು ಬಸ್ಸಿನ ಕಂಡಕ್ಟರಿಗೆ ತಲೆ ಆಡಿಸುವ ಹಾಗೆ ತಲೆ ಆಡಿಸಿದ್ದ. ಚೀಟಿ ಕೈಗೆ ಬರುವುದೊಂದೇ ಬೇಕಿತ್ತು. ಕೊನೆಗೆ ಅವಳು ಕೇಳಿದಳು: "ಕೆಲಸದಲ್ಲಿ ಮಷೀನು ಏನಾದ್ರೂ ನಡೆಸ್ತೀರಾ? ಬೆಳಿಗ್ಗೆ ಮಂಪರು ಇರಬಹುದು."

"ಇಲ್ಲಮ್ಮ. ಪುಸ್ತಕಕ್ಕೆ ಗೋಂದು ಹಚ್ಚೋ ಕೆಲಸ," ಅಂದಿದ್ದ.

ಮುದುಕನ ಕೆಲಸವನ್ನು ತನ್ನದೆಂದು ಹೇಳಿ ಮಾತ್ರೆ ಪಡೆದು, ಅದೇ ಮಾತ್ರೆಯನ್ನು ಮುದುಕನಿಗೆ ಕೊಟ್ಟ. ಈ ಎರಡೂ ಅವನಿಗೆ ಒಟ್ಟಿಗೆ ಹೊಳೆದವು. ಸುಳ್ಳು ಹೇಳದೆ ಏನು ಮಾಡಬೇಕಿತ್ತು? ಮಷೀನು ಅಂದಿದ್ದರೆ ಅವಳು ಮಾತ್ರೆ ಕೊಡುತ್ತಿರಲಿಲ್ಲ, ಅಥವಾ ಕೆಲಸ ಬಿಡಿ ಅನ್ನುತ್ತಿದ್ದಳು. ನಿದ್ದೆಯಿಲ್ಲದವನ ಕಷ್ಟ ನಿದ್ದೆ ಇದ್ದವರಿಗೆ ಹೇಗೆ ಗೊತ್ತಾಗಬೇಕು? ಹೀಗೆ ಡಾಕ್ಟರಮ್ಮನ ಮೇಲೆ ರೇಗಿದ. ಮೇಸ್ತ್ರಿಯ ಮೇಲೆ ರೇಗಿದ. ಅಂಗಲಾಚಿದ ಮುದುಕನ ಮೇಲೆ ರೇಗಿದ. ರೇಗಿದಷ್ಟು ಹೊತ್ತು ಹೆದರಿಕೆ ಸ್ವಲ್ಪ ದೂರ ನಿಲ್ಲುತ್ತಿತ್ತು. ಮುದುಕ ಅಲ್ಲಿ ಒಬ್ಬನೇ ಬಿದ್ದಿದ್ದ ರಾತ್ರಿ ತಾನು ಮಾತ್ರ ಕೊರಡಿನ ಹಾಗೆ ಸೊಗಸಾಗಿ ಮಲಗಿದ್ದೆ ಎಂಬುದು ನೆನಪಾದಾಗ ರೇಗುವುದಕ್ಕೆ ಯಾರೂ ಉಳಿಯಲಿಲ್ಲ.

ಮಷೀನಿನ ಮುಂದೆ ನಿಂತ. ಹೇಳಿಬಿಡಬಹುದು. ಬಾಯಿ ತೆರೆದರೆ ಒಂದು ವಾಕ್ಯ: ನಾನು ನಿದ್ದೆ ಮಾತ್ರೆ ನುಂಗುತ್ತೇನೆ, ಮಾವನಿಗೂ ಕೊಟ್ಟಿದ್ದೇನೆ, ಬಾಗಿಲು ಒಡೆಯಿರಿ. ಆ ವಾಕ್ಯದ ಹಿಂದೆಯೇ ಉಳಿದದ್ದು ಬರುತ್ತಿತ್ತು. ಮೇಸ್ತ್ರಿಯ ಮುಖ, ಅಕ್ಕನ ಬಾಯಿ, ತಲೆ ಕೆಟ್ಟವನಿಗೆ ಮಷೀನು ಕೊಟ್ಟಿದ್ದಾರಂತೆ ಎಂಬ ಗುಸುಗುಸು, ಇನ್ನು ಮೇಲೆ ಕಸ ಹೊಡೆಯುವ ಕೆಲಸ. ಅವನು ಕಾಗದದ ಕಟ್ಟು ಜರುಗಿಸಿದ, ಅಂಚು ತಟ್ಟಿ ಸಮ ಮಾಡಿದ. ಆ ಮಷೀನಿಗೆ ಎರಡು ಗುಂಡಿ. ಬಲಗೈಗೊಂದು, ಎಡಗೈಗೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೊದಲು ಕಾಗದ ಅದುಮುವ ಕಬ್ಬಿಣದ ಪಟ್ಟಿ ಇಳಿಯುತ್ತದೆ, ಅದರ ಹಿಂದೆ ಬ್ಲೇಡು. ಎರಡು ಕೈಯೂ ಗುಂಡಿಯ ಮೇಲಿದ್ದರೆ ಬ್ಲೇಡಿನ ಕೆಳಗೆ ಯಾವ ಕೈಯೂ ಇರುವುದಿಲ್ಲ. ಮಾಡಿದವರು ಹಾಗೆಂದೇ ಮಾಡಿದ್ದು. ಆದರೆ ಎಡಗೈ ಬಿಡುವಾದರೆ ಕಟ್ಟು ಹಿಡಿಯಬಹುದು, ಕೆಲಸ ಎರಡರಷ್ಟು ಓಡುತ್ತದೆ. ಹನ್ನೊಂದು ವರ್ಷದ ಹಿಂದೆ ಅವನೇ ಬೆರಳುದ್ದದ ಒಂದು ಮರದ ಬೆಣೆ ಕೆತ್ತಿ ಎಡಗಡೆಯ ಗುಂಡಿಗೆ ಒತ್ತಿ ಸಿಕ್ಕಿಸಿದ್ದ. ಮೇಸ್ತ್ರಿ ನೋಡಿ, ನೋಡದ ಹಾಗೆ ಹೋಗಿದ್ದ. ಆರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಬ್ಲೇಡು ಇಳಿದು ಮೇಲೆದ್ದಾಗ ಅವನ ಅಂಗಿಯ ಎಡತೋಳಿನ ತುದಿ, ಅದಕ್ಕೆ ಹೊಲಿದ ಗುಂಡಿಯ ಸಮೇತ, ಕಾಗದದ ಚೂರುಗಳ ನಡುವೆ ಬಿದ್ದಿತ್ತು. ಚರ್ಮಕ್ಕೆ ಗೀರು ಕೂಡ ಆಗಿರಲಿಲ್ಲ. ತೋಳು ಮೇಲಕ್ಕೆ ಮಡಿಸಿಕೊಂಡು ಸಂಜೆಯ ತನಕ ಕೆಲಸ ಮಾಡಿದ. ಯಾರಿಗೂ ಹೇಳಲಿಲ್ಲ. ಹೆಂಡತಿ, "ಇದೇನು ಇಲಿ ಕಡೀತಾ?" ಅಂದದ್ದಕ್ಕೆ ಹೂಂ ಅಂದ. ಅವತ್ತಿನಿಂದ ಕಣ್ಣು ಮುಚ್ಚಿದರೆ ಕಬ್ಬಿಣದ ಪಟ್ಟಿ ಇಳಿಯುತ್ತದೆ. ಹಾಗಿದ್ದೂ ಬೆಣೆ ತೆಗೆಯಲಿಲ್ಲ. ತೆಗೆದರೆ ಕೆಲಸ ಕುಗ್ಗುತ್ತದೆ, ಕುಗ್ಗಿದರೆ ವಯಸ್ಸಾಯಿತು ಅನ್ನುತ್ತಾರೆ. ಬೆಣೆಯನ್ನು ಅಲ್ಲೇ ಬಿಟ್ಟು ಡಾಕ್ಟರ ಹತ್ತಿರ ಹೋಗಿ ನಿದ್ದೆ ಬರುತ್ತಿಲ್ಲ ಅಂದ. ಎಂಥ ಮನುಷ್ಯ!

ಒಲೆಯಿಲ್ಲದ ಕೋಣೆಯಲ್ಲಿ ಯಾವತ್ತೂ ಕೇಳಿಸದ ಶಬ್ದಗಳೆಲ್ಲ ಕೇಳಿಸುತ್ತಿದ್ದವು. ಅಕ್ಕ ಮೂರನೆಯ ಸಲ ಫೋನು ಹಚ್ಚಿದಳು. ನೊಣ ಡಬ್ಬಿಯೊಳಗೆ ಹೊಡೆದುಕೊಂಡಿತು. ಮಾವನ ರೂಮಿನಲ್ಲಿ ಆ ಫೋನು ಎಲ್ಲಿ ಬಿದ್ದಿರಬಹುದು, ಹಾಸಿಗೆಯ ಮೇಲೋ, ಕಿಟಕಿಯಲ್ಲೋ, ಅದರ ಪಕ್ಕದ ಕಿವಿ ಹೇಗಿರಬಹುದು ಎಂದು ಮನಸ್ಸಿನಲ್ಲಿ ನೋಡುತ್ತಲೇ ಅವನು ಕಟ್ಟಿನ ಅಂಚು ಸರಿಮಾಡುತ್ತಿದ್ದ, ಬಲಗೈ ತಾನಾಗಿಯೇ ಗುಂಡಿ ಒತ್ತಿತು.

"ಅಣ್ಣಾ, ಕೈ!"

ಎಡಗೈಯ ಎರಡು ಬೆರಳು ಪಟ್ಟಿಯ ಕೆಳಗಿದ್ದವು. ಬಲಗೈ ಗುಂಡಿ ಬಿಟ್ಟಿತ್ತು. ಬಿಟ್ಟದ್ದು ಅವನಲ್ಲ, ಆ ಕೂಗು. ಬ್ಲೇಡು ಬೆರಳಿನಗಲ ಮೇಲೆ ನಿಂತಿತ್ತು. ಬೆರಳನ್ನು ಎಳೆದುಕೊಂಡು ನೋಡಿದ. ಉಗುರು ಬೆಳ್ಳಗಾಗಿ, ಆಮೇಲೆ ನಿಧಾನವಾಗಿ ಕೆಂಪಾಯಿತು. ಅವನು ಸ್ವಿಚ್ಚು ಆರಿಸಿದ. ಸುತ್ತಿಗೆ ತಂದು ಬೆಣೆಗೆ ಹೊಡೆದ. ಹನ್ನೊಂದು ವರ್ಷದ ಜಿಡ್ಡು, ನಾಲ್ಕನೆಯ ಏಟಿಗೆ ಹಾರಿ ನೆಲಕ್ಕೆ ಬಿತ್ತು. ಎತ್ತಿ ಜೇಬಿಗೆ ಹಾಕಿಕೊಂಡ.

"ಏಯ್, ಅದ್ಯಾಕೆ ತೆಗೆದೆ? ಮಧ್ಯಾಹ್ನಕ್ಕೆ..."

"ಗಾಡಿ ತೆಗೀರಿ. ಮಾವನ ರೂಮಿಗೆ ಹೋಗಬೇಕು."

"ನಿನಗೇನು ತಲೆ ಕೆಟ್ಟಿದೆಯಾ?"

"ಕೆಟ್ಟಿದೆ. ತೆಗೀತೀರೋ, ಓಡಿಕೊಂಡು ಹೋಗಲೋ?" ಅವನ ದನಿಗೆ ಹೊಲಿಗೆ ಮಷೀನು ನಿಂತಿತು. ಮೇಸ್ತ್ರಿ ಇನ್ನೇನೋ ಅನ್ನಲು ಹೋಗಿ ಅವನ ಮುಖ ನೋಡಿ ಕೀಲಿಕೈಗೆ ಜೇಬು ತಡಕಿದ.

ಮಹಡಿಯ ಮೇಲಿನ ರೂಮು. ಒಳಗಿನಿಂದ ಚಿಲಕ. ಮೇಸ್ತ್ರಿ ಎರಡು ಸಲ ಬಾಗಿಲು ಬಡಿದು, "ಲೋ ಮುದುಕಾ!" ಅಂದ. ಅವನು ಭುಜ ಕೊಟ್ಟ. ಚಿಲಕದ ಮೊಳೆ ಕಿತ್ತು ಬಂತು. ಮಾವ ಅಂಗಾತ ಬಿದ್ದಿದ್ದ, ಬಾಯಿ ತೆರೆದಿತ್ತು, ತುಟಿಗೆ ಮಸಿ ಬಳಿದ ಬಣ್ಣ. ಗೊರ್ ಎಂದು ಒಂದು ಉಸಿರು. ಆಮೇಲೆ ಏನೂ ಇಲ್ಲ. ಏನೂ ಇಲ್ಲ. ಇನ್ನೂ ಏನೂ ಇಲ್ಲ. ಮತ್ತೆ ಗೊರ್. ಅವನು ಮುದುಕನ ಭುಜ ಹಿಡಿದು ಪಕ್ಕಕ್ಕೆ ಹೊರಳಿಸಿದ, ಕೆನ್ನೆಗೆ ಹೊಡೆದ; ಕಣ್ಣು ಅರ್ಧ ತೆರೆದು ಮುಚ್ಚಿತು. ಮೇಸ್ತ್ರಿ ಬಾಗಿಲ ಹೊರಗೆ ನಿಂತು ಆಂಬುಲೆನ್ಸಿಗೆ ಫೋನು ಮಾಡುತ್ತ ಬೀದಿಯ ಗುರುತು ಹೇಳುತ್ತಿದ್ದ. ಸ್ಟೂಲಿನ ಮೇಲೆ ಖಾಲಿ ಬಾಟಲಿ, ಅದರ ಪಕ್ಕ ಸಿರಪ್ಪು, ಅದರ ಪಕ್ಕ ಅವನ ಪೊಟ್ಟಣ, ಅವನ ಮಡಿಕೆ, ಶಾಲೆ ಪುಸ್ತಕದ ಅಂಚಿನ ಬಿಳಿ ಕಾಗದ. ಬಿಚ್ಚಿ ಅಗಲವಾಗಿ ಹಾಸಿತ್ತು. ಅದರ ಮೇಲೆ ಒಂದೇ ಒಂದು ಅರ್ಧ ಉಳಿದಿತ್ತು. ಮೇಸ್ತ್ರಿ ತಿರುಗುವ ಮೊದಲು ಅವನ ಕೈ ಅದನ್ನು ಮುಚ್ಚಿ ಜೇಬಿಗೆ ಸೇರಿಸಿತು. ಬೆಣೆಯ ಪಕ್ಕ. ಕೈ ಎಷ್ಟು ಚುರುಕಾಗಿತ್ತೆಂದರೆ ಅವನಿಗೇ ಅಸಹ್ಯವಾಯಿತು.

ಆಸ್ಪತ್ರೆಯಲ್ಲಿ ಮಾವನ ಮೂಗು ಬಾಯಿಗೆ ಆಮ್ಲಜನಕದ ಮುಸುಕು ಹಾಕಿದರು. ಒಬ್ಬ ಯುವಕ ಡಾಕ್ಟರು, ಗಡ್ಡ ಬೋಳಿಸಿಕೊಳ್ಳಲೂ ಪುರುಸೊತ್ತಿಲ್ಲದವನು, ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತ, ತಲೆ ಎತ್ತದೆ ಕೇಳಿದ: "ಏನು ತಗೊಂಡಿದ್ದಾರೆ?"

"ಕುಡಿದಿದ್ದಾನೆ ಸಾರ್, ಇನ್ನೇನು," ಅಂದ ಮೇಸ್ತ್ರಿ. "ಹಳೆ ಅಭ್ಯಾಸ."

"ಬರೀ ಕುಡಿತಕ್ಕೆ ಹೀಗಾಗಿದೆಯಾ? ಬೇರೆ ಮಾತ್ರೆ, ಔಷಧಿ ಏನಾದ್ರೂ? ಯೋಚನೆ ಮಾಡಿ ಹೇಳಿ."

ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಗೋಡೆಯ ಮೇಲೆ ಕೈ ತೊಳೆಯಿರಿ ಎಂಬ ಬರಹವಿತ್ತು. ಅವನು ಅದನ್ನು ಓದಿದ, ಮತ್ತೆ ಓದಿದ. ಗೊರ್. ಆಮೇಲೆ ಏನೂ ಇಲ್ಲ. ಕುಡಿತ ಎಂದೇ ಬರೆದುಕೊಳ್ಳಲಿ, ಕುಡಿತವೂ ನಿಜವೇ ಅಲ್ಲವೆ, ಡಾಕ್ಟರು ಅಂದ ಮೇಲೆ ಅವರೇ ಕಂಡುಹಿಡಿಯುವುದಿಲ್ಲವೆ, ಅದಕ್ಕೇ ಅಲ್ಲವೆ ಓದಿರುವುದು. ಮಂಚದ ಪಕ್ಕದ ಪೆಟ್ಟಿಗೆಯ ಮೇಲೆ ಒಂದು ಅಂಕಿ ಇಳಿಯುತ್ತಿತ್ತು. ಅದೇನೆಂದು ಅವನಿಗೆ ಗೊತ್ತಿರಲಿಲ್ಲ, ಇಳಿಯುತ್ತಿದೆ ಎಂದಷ್ಟೇ ಗೊತ್ತಿತ್ತು. ಕಣ್ಣು ಮುಚ್ಚಿದಾಗಲೆಲ್ಲ ಪಟ್ಟಿ ಇಳಿಯುವುದನ್ನು ಆರು ತಿಂಗಳಿಂದ ನೋಡುತ್ತಿದ್ದಾನೆ.

"ಮಾತ್ರೆ," ಅಂದ. ಯಾರಿಗೂ ಕೇಳಿಸಲಿಲ್ಲ. ಕೆಮ್ಮಿ ಮತ್ತೆ ಅಂದ. "ನಿದ್ದೆ ಮಾತ್ರೆ. ನಾನು ಕೊಟ್ಟೆ. ನನ್ನದು." ಜೇಬಿನಿಂದ ತೆಗೆದದ್ದರಲ್ಲಿ ಮೊದಲು ಬೆಣೆ ಬಂತು, ಆಮೇಲೆ ಪೊಟ್ಟಣ, ಆಮೇಲೆ ಪರ್ಸಿನಲ್ಲಿ ನಾಲ್ಕು ಮಡಿಕೆಯಾಗಿದ್ದ ಡಾಕ್ಟರಮ್ಮನ ಚೀಟಿ. "ಹೆಸರು ಇದರಲ್ಲಿದೆ. ನಾಲ್ಕು ಅರ್ಧ ಕೊಟ್ಟಿದ್ದೆ. ಒಂದು ಉಳಿದಿದೆ. ಮೂರು ನುಂಗಿದ್ದಾನೆ. ಕೆಮ್ಮಿನ ಸಿರಪ್ಪೂ ಕುಡಿದಿದ್ದಾನೆ. ಉಬ್ಬಸ ಇದೆ."

ಡಾಕ್ಟರು ಚೀಟಿಯನ್ನು ಕಿತ್ತುಕೊಂಡು ಓದಿ, ನರ್ಸಿಗೆ ಏನೋ ಔಷಧದ ಹೆಸರು ಕೂಗಿದ. ನಾಲ್ಕು ಕೈ ಒಟ್ಟಿಗೆ ಓಡಾಡಿದವು. ಪರದೆ ಎಳೆಯುವ ಮೊದಲು ಒಂದು ಸಲ ಅವನ ಮುಖ ನೋಡಿದ. "ಇದನ್ನ ಬಂದ ತಕ್ಷಣ ಹೇಳೋಕಾಗಲಿಲ್ವಾ?"

ಹೊರಗಿನ ಬೆಂಚಿನ ಮೇಲೆ ಮೇಸ್ತ್ರಿ ಕೀಲಿಕೈಯನ್ನು ಬೆರಳಲ್ಲಿ ತಿರುಗಿಸುತ್ತ ಕೂತ. ಆಮೇಲೆ, "ಈ ಮಾತ್ರೆ ನುಂಗಿ ಆ ಮಷೀನಿನ ಮುಂದೆ ನಿಂತಿದ್ಯಾ?" ಅಂದ.

"ಮೂರು ವಾರ. ಹಗಲೂ ನುಂಗಿದ್ದೀನಿ."

"ಕಪಾಳಕ್ಕೆ ಹೊಡೀಬೇಕು ನಿನಗೆ."

"ಹೊಡೀರಿ. ಬೆಣೆ ನೋಡಿ ಸುಮ್ಮನಿದ್ದದ್ದು ಯಾರು ಅಂತ ಹೇಳಿ ಹೊಡೀರಿ."

ಮೇಸ್ತ್ರಿಯ ಕೈ ಮೇಲೆದ್ದಿತ್ತು. ಅದು ಅಲ್ಲಿಂದ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮೇಸ್ತ್ರಿಯ ತಲೆಯನ್ನೇ ಕೆರೆಯಿತು. ಇಬ್ಬರೂ ಎದುರಿನ ಪರದೆ ನೋಡುತ್ತ ಕೂತರು. ಅದರ ಕೆಳಗೆ ನರ್ಸಿನ ಚಪ್ಪಲಿ ಓಡಾಡುತ್ತಿದ್ದವು. ಚಪ್ಪಲಿ ನಿಧಾನವಾದರೆ ಸತ್ತನೋ, ಬದುಕಿದನೋ? ಎರಡಕ್ಕೂ ನಿಧಾನವಾಗುತ್ತವಲ್ಲ ಎಂದು ಅವನು ಯೋಚಿಸಿದ.

ಸಂಜೆ ಐದಕ್ಕೆ ಮಾವ ಕಣ್ಣು ಬಿಟ್ಟ. ಅವನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. "ನಿನ್ನ ಮಾತ್ರೆ ಸುಳ್ಳು ಕಣೋ ಬ್ಲೇಡಪ್ಪ," ಅಂದ ಮುಸುಕಿನೊಳಗಿಂದ. "ಒಂದು ಅರ್ಧ ನುಂಗಿ ಕಾಲು ಗಂಟೆ ಕಾದೆ. ಏನೂ ಇಲ್ಲ. ಅದಕ್ಕೇ ಇನ್ನೊಂದು. ಆಮೇಲೆ ಇನ್ನೊಂದು." ಅವನು ಮಂಚದ ಕಬ್ಬಿಣ ಹಿಡಿದುಕೊಂಡ. ಒಂದು ಉಳಿಯಿತಲ್ಲ ಎಂದು ಮಾತ್ರ ಹೇಳಲು ಬಂತು. ಹೇಳುವಷ್ಟರಲ್ಲಿ ಮೂಗು ಸುರಿಯಿತು, ತೋಳಿನಿಂದ ಒರೆಸಿಕೊಂಡ. "ಲೋ, ಗೋಂದು ಹಚ್ಚಿದವನ ಹಾಗೆ ಮುಖ ಮಾಡಬೇಡ," ಅಂದ ಮಾವ.

ಮಾರನೆಯ ದಿನ ಡಾಕ್ಟರಮ್ಮನ ಮುಂದೆ ಹೆಂಡತಿಯನ್ನೂ ಕೂರಿಸಿಕೊಂಡು ಎಲ್ಲ ಹೇಳಿದ. ಕೆಲಸ ಏನು ಎಂಬುದನ್ನು ಮೊದಲು ಹೇಳಿದ. ಅಂಗಿಯ ತೋಳಿನ ತುದಿ ಹೋದದ್ದನ್ನೂ ಹೇಳಿದ. ಹೆಂಡತಿ, "ಇಲಿ ಅಂದ್ರಲ್ಲ!" ಅಂದಳು. ಅವನು ಉಳಿದ ಮಾತ್ರೆಗಳ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ, ಇನ್ನು ಇದರ ಸಹವಾಸ ಬೇಡ, ಇವತ್ತೇ ಚರಂಡಿಗೆ ಹಾಕುತ್ತೇನೆ ಅಂದ. ಬೈಸಿಕೊಳ್ಳಲು ಬಂದಿದ್ದ. ಅವಳು ಬೈಯದೆ, "ಅದೂ ತಪ್ಪೇ," ಅಂದಳು. "ಇಷ್ಟು ದಿನ ತಗೊಂಡು ಒಂದೇ ಸಲ ನಿಲ್ಲಿಸಿದ್ರೆ ಕೈ ನಡುಗುತ್ತೆ, ನಿದ್ದೆ ಇನ್ನೂ ಕೆಡುತ್ತೆ, ಫಿಟ್ಸು ಕೂಡ ಬರಬಹುದು. ನಾನು ಹೇಳಿದ ಹಾಗೆ ಇಳಿಸೋಣ. ಹಗಲು ಬೇಡವೇ ಬೇಡ. ಹಾಳೆಯಿಂದ ಬಿಡಿಸಿದ್ದು ಇಲ್ಲೇ ಇರಲಿ, ಹೊಸದು ಬರೆದುಕೊಡ್ತೀನಿ. ಹಾಳೆ ನಿಮ್ಮ ಮನೆಯವರ ಹತ್ತಿರ ಇರಲಿ, ರಾತ್ರಿ ಅವರೇ ಕೊಡಲಿ. ಇದು ಮುಗಿಯೋ ತನಕ ನೀವು ಬ್ಲೇಡಿನ ಹತ್ತಿರ ಹೋಗಕೂಡದು." ಆಮೇಲೆ ಪೆನ್ನು ಕೆಳಗಿಟ್ಟು, ಆ ಮಧ್ಯಾಹ್ನ ಅಂಗಿಯ ತೋಳು ಕತ್ತರಿಸಿದ್ದನ್ನ ಇನ್ನೊಂದು ಸಲ ಮೊದಲಿನಿಂದ ಹೇಳಿ ಅಂದಳು. ಅದನ್ನು ಯಾರೂ ಅವನನ್ನು ಕೇಳಿರಲಿಲ್ಲ. ಹೇಳುತ್ತ ಹೇಳುತ್ತ ಅವನಿಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ.

ಈಗ ಬೆಳಿಗ್ಗೆ ಅವನೇ ಒಲೆ ಹಚ್ಚುತ್ತಾನೆ. ಮಷೀನಿನ ಮುಂದೆ ಮೇಸ್ತ್ರಿ ನಿಲ್ಲುತ್ತಾನೆ, ಎರಡು ಕೈಯಿಂದ ಎರಡು ಗುಂಡಿ ಒತ್ತುತ್ತಾನೆ, ಕೆಲಸ ಆಮೆಯಂತೆ ನಡೆಯುತ್ತದೆ, ಮೇಸ್ತ್ರಿ ಎಲ್ಲರಿಗೂ ಬೈಯುತ್ತಾನೆ. ಡಾಕ್ಟರಮ್ಮನಿಗೆ ಹೇಳಿದ ಸುಳ್ಳು ಹೀಗೆ ನಿಜವಾಗಿತ್ತು. ಮೊದಲ ದಿನ ಹೊಲಿಗೆಯ ಅಕ್ಕ, "ಗೋಂದಣ್ಣಾ, ಗಂಟು ಗಂಟಾಗಿದೆಯಲ್ಲ, ನಿದ್ದೇಲಿ ತಿರುವಿದ್ರಾ?" ಅಂದಾಗ ಕೋಲು ಎತ್ತಿ ಎಸೆಯುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ. ಕೋಲು ಎತ್ತಿದ ಕೈ ನಡುಗುತ್ತಿದ್ದುದನ್ನು ಅವಳೂ ನೋಡಿದಳು, ಮತ್ತೆ ಆ ಹಾಸ್ಯ ಮಾಡಲಿಲ್ಲ. ಹಾಸ್ಯಕ್ಕಿಂತ ಅದೇ ಹೆಚ್ಚು ಚುಚ್ಚಿತು.

ವಾರದ ಮೇಲೆ ಮಾವ ಬಂದ, ಕೆಲಸಕ್ಕಲ್ಲ, ನೋಡಲು. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ಪಾತ್ರೆಯೊಳಗೆ ಬಗ್ಗಿ ನೋಡಿ, "ನೀರು ಜಾಸ್ತಿ," ಅಂದ. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ. ಒಲೆ ಕುಂಟುತ್ತಿತ್ತು, ತಿರುವಿದಾಗಲೆಲ್ಲ ಗೋಂದು ಅಂಚು ದಾಟಿ ತುಳುಕುತ್ತಿತ್ತು.

"ನಿದ್ದೆ ಬರುತ್ತಾ?" ಕೇಳಿದ ಮಾವ.

"ಬರುತ್ತೆ, ಹೋಗುತ್ತೆ. ನಿನಗೆ?"

"ಹಾಗೇ. ನಾನೂ ಆ ಅಮ್ಮನ ಹತ್ತಿರ ಹೋಗಿದ್ದೆ. ಕುಡಿತಾನೂ ಹೇಳಿದೆ, ಸಿರಪ್ಪೂ ಹೇಳಿದೆ. ಎದೆ ಪರೀಕ್ಷೆ ಮಾಡಿಸಿ ಅಂದ್ಲು. ಮಾತ್ರೆ ಕೊಡಲಿಲ್ಲ ಕಣೋ."

ಅವನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಮುದುಕನ ಕಣ್ಣು ಆ ಕೈಯನ್ನೇ ನೋಡುತ್ತಿತ್ತು. ಅದರಲ್ಲಿ ಒಂದು ಚೂರು ಆಸೆಯೂ ಇತ್ತು, ಅವನಿಗೆ ಕಂಡಿತು. ಜೇಬಿನಲ್ಲಿದ್ದದ್ದು ಬೆಣೆ. ಅಂಗೈಯಲ್ಲಿಟ್ಟು ತೋರಿಸಿದ. ಮಾವ ಅದನ್ನು ತೆಗೆದುಕೊಂಡು, ತಿರುಗಿಸಿ, ಬೆರಳಿನಿಂದ ಇಳಿಜಾರು ನೋಡಿದ. ಆಮೇಲೆ ಉಬ್ಬಸಪಡುತ್ತ ಬಗ್ಗಿ, ಒಲೆಯ ಕುಂಟು ಕಾಲಿನ ಕೆಳಗೆ ಸೇರಿಸಿ, ಹಿಮ್ಮಡಿಯಿಂದ ಎರಡು ಸಲ ಒದ್ದ.

"ತಿರುವು ಈಗ," ಅಂದ.

ಅವನು ತಿರುವಿದ. ಪಾತ್ರೆ ಅಲ್ಲಾಡಲಿಲ್ಲ.